ಪದವಿ ತರಗತಿಯಲ್ಲಿ ನಡೆನುಡಿಯ ಪಾಠ

ಜೂನ್ ತಿಂಗಳು ಬಂತೆಂದರೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಮಳೆಗಿಂತ ಮೊದಲೇ ಕಾಲೇಜು ಪ್ರವೇಶದ ಮಾತು ಆರಂಭವಾಗುತ್ತದೆ. ಹನ್ನೆರಡನೆಯ ತರಗತಿಯನ್ನು ಮುಗಿಸಿದ ಮಗನನ್ನೋ ಮಗಳನ್ನೋ ಎಲ್ಲಿಗೆ ಸೇರಿಸುವುದು, ಬಿ.ಕಾಂ. ಲೇಸೋ ಬಿ.ಎಂ.ಎಸ್. ಲೇಸೋ ಎಂದು ನಮ್ಮ ಕಚೇರಿಗೆ ದೂರವಾಣಿ ಮಾಡಿ ಕೇಳುವ ವಾಚಕರು ಪ್ರತಿ ವರ್ಷವೂ ಇದ್ದಾರೆ. ಎಸ್.ಎಸ್.ಎಲ್.ಸಿ.ಗೇ ಶಾಲೆಗೆ ಶರಣೆಂದು ಹೇಳಿ ಹೋಟೆಲಿನ ಗಲ್ಲಾದ ಹಿಂದೆ ಕುಳಿತಿದ್ದ ನಮ್ಮನ್ನು ಪದವಿಯ ವಿಷಯವಾಗಿ ವಿಚಾರಿಸುವುದು ಅವರ ಸೌಜನ್ಯವೇ ಹೊರತು ನಮ್ಮ ಯೋಗ್ಯತೆಯಲ್ಲ. ಈ ಕೆಲವು ವರ್ಷಗಳಿಂದ ಅವರ ಪ್ರಶ್ನೆಗಳ ಸಾಲಿಗೆ ಹೊಸದೊಂದು ಸೇರಿಕೊಂಡಿದೆ. “ಆ ಕಾಲೇಜಿನಲ್ಲಿ ಸಾಫ್ಟ್ ಸ್ಕಿಲ್ಸ್ ಕಲಿಸುತ್ತಾರಂತೆ, ಅದಕ್ಕೆ ಬೇರೆಯೇ ಫೀಸು ಉಂಟಂತೆ. ಕೊಡುವುದೋ ಬೇಡವೋ?” ಇದು ಆ ಪ್ರಶ್ನೆ.

ಈ ‘ಸಾಫ್ಟ್ ಸ್ಕಿಲ್ಸ್’ ಎಂಬುದನ್ನು ಕನ್ನಡದಲ್ಲಿ ‘ಮೃದು ಕೌಶಲ’ ಎಂದು ಕೆಲವರು ಬರೆಯುತ್ತಾರೆ. ಇಡ್ಲಿಯ ವಿಷಯದಲ್ಲಿ ಮೃದುತ್ವದ ಬೆಲೆ ಏನೆಂಬುದನ್ನು ನಾವು ಬಲ್ಲೆವು. ಮನುಷ್ಯರ ಕೌಶಲಕ್ಕೆ ಆ ವಿಶೇಷಣ ಅಷ್ಟಾಗಿ ಒಪ್ಪುವುದಿಲ್ಲ. ನಾಲ್ಕು ಜನರ ಮುಂದೆ ಹೇಳಬೇಕಾದುದನ್ನು ಹೇಳುವುದು, ಇನ್ನೊಬ್ಬರು ಹೇಳಿದುದನ್ನು ಕಿವಿಗೊಟ್ಟು ಕೇಳುವುದು, ಜೊತೆಯವರೊಡನೆ ಕೂಡಿ ಕೆಲಸ ಮಾಡುವುದು, ಸಿಟ್ಟು ಬಂದಾಗ ತಡೆದುಕೊಳ್ಳುವುದು, ಒಪ್ಪಿಕೊಂಡ ಕೆಲಸವನ್ನು ಹೇಳಿದ ಹೊತ್ತಿಗೆ ಮುಗಿಸುವುದು ಇವೆಲ್ಲವೂ ಅದರೊಳಗೆ ಬರುತ್ತವೆ. ಇದಕ್ಕೆ ನಮ್ಮ ಹಿರಿಯರು ನಡೆನುಡಿ ಎಂಬ ಒಂದೇ ಮಾತನ್ನು ಬಳಸುತ್ತಿದ್ದರು. ನಾವೂ ಅದನ್ನೇ ಬಳಸುತ್ತೇವೆ.

ಆಂಗ್ಲ ಪದದ ಹುಟ್ಟೂರು ಕಾಲೇಜಲ್ಲ, ಸೈನ್ಯ. ಅಮೆರಿಕದ ಸೈನ್ಯದವರು ತಮ್ಮ ತರಬೇತಿಯನ್ನು ಶಾಸ್ತ್ರೀಯವಾಗಿ ಅಳೆದು ರೂಪಿಸಲು ಹೊರಟಾಗ, ಟ್ಯಾಂಕು ನಡೆಸುವುದು, ಬಂದೂಕು ಬಿಚ್ಚಿ ಜೋಡಿಸುವುದು ಮೊದಲಾದ ಯಂತ್ರದ ಕೆಲಸಗಳನ್ನು ಹಂತಹಂತವಾಗಿ ವಿಂಗಡಿಸಿ ಕಲಿಸುವುದು ಅವರಿಗೆ ಸುಲಭವಾಯಿತು. ಆದರೆ ಸಿಪಾಯಿಗಳ ಮೇಲ್ವಿಚಾರಣೆ, ಕಚೇರಿಯ ಸಿಬ್ಬಂದಿಯನ್ನು ನಡೆಸಿಕೊಂಡು ಹೋಗುವುದು ಮುಂತಾದ, ಯಂತ್ರಕ್ಕಿಂತ ಹೆಚ್ಚಾಗಿ ಜನರೊಡನೆ ಮತ್ತು ಕಾಗದಪತ್ರಗಳೊಡನೆ ವ್ಯವಹರಿಸುವ ಕೆಲಸಗಳು ಆ ಅಳತೆಗೆ ಸಿಕ್ಕಲಿಲ್ಲ. 1972ರಲ್ಲಿ ಇದಕ್ಕೆಂದೇ ಅವರು ಒಂದು ಸಮ್ಮೇಳನವನ್ನು ನಡೆಸಿದರು. ಗಟ್ಟಿಯಾದುದು ಯಂತ್ರ, ಅದಲ್ಲದ್ದು ಮೃದು. ಹೆಸರಿನಲ್ಲಿ ಮೃದುತ್ವವಿದ್ದರೂ ಕಲಿಸುವುದಕ್ಕೆ ಅದೇ ಹೆಚ್ಚು ಕಠಿಣವೆಂಬುದು ಅವರಿಗೆ ಅಂದೇ ತಿಳಿದಿತ್ತು. ಐವತ್ತು ವರ್ಷ ಕಳೆದರೂ ನಮ್ಮ ಕಾಲೇಜುಗಳಲ್ಲಿ ಇರುವ ತೊಡಕು ಇದೇ ಆಗಿದೆ.

ಈ ತರಬೇತಿಯ ಜಾಹೀರಾತುಗಳಲ್ಲಿ ಒಂದು ಅಂಕಿ ಮೇಲಿಂದ ಮೇಲೆ ಕಾಣಿಸುತ್ತದೆ: ಜೀವನದ ಯಶಸ್ಸಿನಲ್ಲಿ ನೂರಕ್ಕೆ 85 ಪಾಲು ನಡೆನುಡಿಯಿಂದ, 15 ಪಾಲು ಮಾತ್ರ ವಿದ್ಯೆಯಿಂದ ಎಂದು. ಹಾರ್ವರ್ಡ್, ಸ್ಟ್ಯಾನ್‌ಫರ್ಡ್ ಎಂಬ ದೊಡ್ಡ ಹೆಸರುಗಳನ್ನು ಅದರೊಡನೆ ಮುದ್ರಿಸಿರುತ್ತಾರೆ. ಇದರ ಮೂಲವನ್ನು ಹುಡುಕುತ್ತ ಹೋದರೆ ಸಿಗುವುದು 1918ರಲ್ಲಿ ಚಾರ್ಲ್ಸ್ ಮಾನ್ ಎಂಬವರು ಕಾರ್ನೆಗಿ ಫೌಂಡೇಶನ್ನಿಗಾಗಿ ಅಮೆರಿಕದ ಇಂಜಿನಿಯರಿಂಗ್ ಶಿಕ್ಷಣದ ಕುರಿತು ಬರೆದ ವರದಿ. ಇಂಜಿನಿಯರನಿಗೆ ಯಾವ ಗುಣ ಎಷ್ಟು ಮುಖ್ಯವೆಂದು ಸಾವಿರಾರು ಇಂಜಿನಿಯರರನ್ನು ಅಂದು ಕೇಳಲಾಗಿತ್ತು. ಅವರು ಶೀಲಕ್ಕೆ 24, ವಿವೇಚನೆಗೆ 19.5, ದಕ್ಷತೆಗೆ 16.5, ಜನರನ್ನು ಅರಿಯುವ ಗುಣಕ್ಕೆ 15, ಮೂಲಶಾಸ್ತ್ರದ ಜ್ಞಾನಕ್ಕೆ 15, ಕೆಲಸದ ತಾಂತ್ರಿಕ ಹಿಡಿತಕ್ಕೆ 10 ಅಂಕ ಕೊಟ್ಟರು. ಕೂಡಿಸಿ ನೋಡಿದರೆ ವಿದ್ಯೆಯ ಪಾಲು 25, ಉಳಿದುದು 75. ಅದೂ ಅಭಿಪ್ರಾಯವೇ ಹೊರತು ಅಳತೆಯಲ್ಲ. ವಿದ್ಯೆಯನ್ನು ಆಗಲೇ ಕೈವಶ ಮಾಡಿಕೊಂಡಿದ್ದವರು ಕೊಟ್ಟ ಅಭಿಪ್ರಾಯ. ಅಡಿಗೆ ಬಲ್ಲ ಭಟ್ಟರು ಉಪ್ಪಿನ ಮಹತ್ವವನ್ನು ಹೇಳಿದರೆಂದು ಉಪ್ಪನ್ನೇ ಬಡಿಸಲಾದೀತೆ? ಬಿ.ಕಾಂ. ಹುಡುಗನಿಗೆ ಜಮಾಖರ್ಚು ಬಾರದಿದ್ದರೆ ಅವನ ಮುಗುಳ್ನಗೆಯನ್ನು ಕಟ್ಟಿಕೊಂಡು ಯಾವ ಆಫೀಸಿನವರೂ ಏನೂ ಮಾಡುವಂತಿಲ್ಲ.

ಹಾಗೆಂದು ವಿಷಯವನ್ನು ತಳ್ಳಿಹಾಕುವಂತೆಯೂ ಇಲ್ಲ. ಕಾಲೇಜು ಮುಗಿಸಿದ ತರುಣರಲ್ಲಿ ಕೂಡಲೇ ಕೆಲಸಕ್ಕೆ ಒದಗಬಲ್ಲವರು ನೂರಕ್ಕೆ 51 ಜನ ಮಾತ್ರ ಎಂದು ಕೇಂದ್ರ ಸರಕಾರದ 2023-24ರ ಆರ್ಥಿಕ ಸಮೀಕ್ಷೆ ಹೇಳಿತು. ಹತ್ತು ವರ್ಷ ಹಿಂದೆ ಆ ಸಂಖ್ಯೆ ಸುಮಾರು 34 ಇತ್ತು ಎಂದೂ ಅದು ಸಮಾಧಾನ ಹೇಳಿತು. ಇಬ್ಬರಲ್ಲಿ ಒಬ್ಬರು ಹೊರಗೆ ಉಳಿಯುವರೆಂದಾದರೆ, ಆ ಒಬ್ಬರು ಯಾರ ಮನೆಯವರೆಂದು ನಾವು ಕೇಳಬೇಕಾಗುತ್ತದೆ. ತಂದೆ ತಾಯಿ ಇಬ್ಬರೂ ಪದವೀಧರರಾದ ಮನೆಯಲ್ಲಿ ಊಟದ ಹೊತ್ತಿನಲ್ಲಿಯೇ ಮಕ್ಕಳಿಗೆ ಆಫೀಸಿನ ನಡೆನುಡಿ ಅಭ್ಯಾಸವಾಗಿಬಿಡುತ್ತದೆ. ಬೆಳಿಗ್ಗೆ ಐದಕ್ಕೆ ಕ್ಯಾಂಟೀನಿಗೆ ಹೋಗಿ ರಾತ್ರಿ ಹನ್ನೊಂದಕ್ಕೆ ಖೋಲಿಗೆ ಮರಳುವ ತಂದೆಯ ಮಗಳಿಗೆ ಅದನ್ನು ಕಲಿಸುವ ಸ್ಥಳ ಕಾಲೇಜೊಂದೇ. ಅಲ್ಲಿ ಕಲಿಸದಿದ್ದರೆ ಅವಳಿಗೆ ಇನ್ನೆಲ್ಲಿಯೂ ಸಿಗಲಾರದು.

ಸರಕಾರದ ಕಡೆಯಿಂದ ಏರ್ಪಾಡುಗಳಿಗೆ ಕೊರತೆಯಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2019ರಲ್ಲಿ ಪದವಿ ವಿದ್ಯಾರ್ಥಿಗಳಿಗಾಗಿ ‘ಜೀವನ್ ಕೌಶಲ್’ ಎಂಬ ಪಠ್ಯಕ್ರಮವನ್ನು ಹೊರಡಿಸಿ, ಸಂವಹನ, ವೃತ್ತಿ ಕೌಶಲ, ನಾಯಕತ್ವ ಮತ್ತು ನಿರ್ವಹಣೆ, ಸಾರ್ವತ್ರಿಕ ಮಾನವ ಮೌಲ್ಯಗಳು ಎಂದು ಅದನ್ನು ನಾಲ್ಕು ಭಾಗ ಮಾಡಿತು. 2023ರಲ್ಲಿ ಅದನ್ನು ಪರಿಷ್ಕರಿಸಿತು. 2022ರ ಡಿಸೆಂಬರಿನಲ್ಲಿ ಪ್ರಕಟವಾದ ಹೊಸ ಪದವಿ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಯ 120 ಕ್ರೆಡಿಟ್ಟುಗಳ ಪೈಕಿ 9ನ್ನು ಕೌಶಲ ವರ್ಧನೆಗೆ, 8ನ್ನು ಭಾಷೆ ಮತ್ತು ಸಂವಹನ ಸಾಮರ್ಥ್ಯಕ್ಕೆ ಮೀಸಲಿಟ್ಟಿದೆ. ತಮಿಳುನಾಡು ಸರಕಾರ 2022ರಲ್ಲಿ ‘ನಾನ್ ಮುದಲ್ವನ್’ ಎಂಬ ಯೋಜನೆಯನ್ನು ಆರಂಭಿಸಿತು. ಚೆನ್ನೈಯ ನಮ್ಮ ವಾಚಕರ ಮಕ್ಕಳಲ್ಲಿ ಅನೇಕರು ಅದನ್ನು ಕಂಡವರೇ. ಅದಕ್ಕೂ ಬಹಳ ಮೊದಲು, 2004ರಲ್ಲಿ, ಇನ್ಫೋಸಿಸ್ ಕಂಪನಿಯವರು ‘ಕ್ಯಾಂಪಸ್ ಕನೆಕ್ಟ್’ ಎಂಬ ಹೆಸರಿನಿಂದ ಇಂಜಿನಿಯರಿಂಗ್ ಕಾಲೇಜುಗಳೊಡನೆ ಕೈಜೋಡಿಸಿದ್ದರು. ಕಾಗದದ ಮೇಲೆ ಎಲ್ಲವೂ ಇದೆ. ತರಗತಿಯ ಬಾಗಿಲು ಮುಚ್ಚಿದ ಮೇಲೆ ಒಳಗೆ ಏನು ನಡೆಯುತ್ತದೆಂಬುದು ಬೇರೆ ಮಾತು.

ಅದನ್ನು ನೋಡುವ ಅವಕಾಶ ನಮಗೆ ಕಳೆದ ವರ್ಷ ಎರಡು ಬಾರಿ ದೊರೆಯಿತು. ಮೊದಲನೆಯದು ಉಪನಗರದ ಒಂದು ದೊಡ್ಡ ಕಾಲೇಜು. ಸಭಾಗೃಹದಲ್ಲಿ ನೂರಿಪ್ಪತ್ತು ವಿದ್ಯಾರ್ಥಿಗಳು. ಹೊರಗಿನ ಸಂಸ್ಥೆಯೊಂದರಿಂದ ಬಂದ, ಟೈ ಕಟ್ಟಿದ ತರುಣರೊಬ್ಬರು. ಪರದೆಯ ಮೇಲೆ ಒಂದಾದ ಮೇಲೊಂದು ಚಿತ್ರ. ಕೇಳುವುದರ ಐದು ಲಕ್ಷಣಗಳು, ನಾಯಕನ ಏಳು ಗುಣಗಳು, ಕೈಕುಲುಕುವ ಮೂರು ವಿಧಗಳು. ಅವರು ಒಂದೂವರೆ ಗಂಟೆ ಚೆನ್ನಾಗಿಯೇ ಮಾತನಾಡಿದರು. ಕೇಳುವುದು ಎಷ್ಟು ಮುಖ್ಯವೆಂದು ಹೇಳುತ್ತ ಅವರೊಬ್ಬರೇ ಮಾತನಾಡಿದರು ಎಂಬುದನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ. ಹಿಂದಿನ ಸಾಲುಗಳಲ್ಲಿದ್ದವರು ಮೊಬೈಲಿನಲ್ಲಿ ತಮ್ಮ ತಮ್ಮ ಲೋಕದಲ್ಲಿದ್ದರು. ಮುಂದಿನವರು ಐದು ಲಕ್ಷಣಗಳನ್ನು ಬರೆದುಕೊಂಡರು, ಏಕೆಂದರೆ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಅದೇ ಬರುತ್ತದೆ.

ಇಲ್ಲಿ ಗಲ್ಲಾದ ಲೆಕ್ಕವೊಂದನ್ನು ಹಾಕಿ ನೋಡಬಹುದು. ಎರಡು ಕ್ರೆಡಿಟ್ಟಿನ ವಿಷಯವನ್ನು ಉಪನ್ಯಾಸವಾಗಿ ನಡೆಸಿದರೆ ಕ್ರೆಡಿಟ್ಟಿಗೆ 15ರಂತೆ 30 ಗಂಟೆ, ಅಂದರೆ 1800 ಮಿನಿಟು. ಉಪನ್ಯಾಸಕರು ಬಾಯಿಯನ್ನೇ ತೆರೆಯದೆ ಎಲ್ಲ ಸಮಯವನ್ನೂ ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟರೂ ನೂರಿಪ್ಪತ್ತು ಜನರಲ್ಲಿ ಒಬ್ಬೊಬ್ಬರಿಗೆ ಬರುವುದು ಇಡೀ ಅವಧಿಯಲ್ಲಿ ಹದಿನೈದು ಮಿನಿಟು. ಇದೇ ವಿಷಯವನ್ನು ಪ್ರಾಯೋಗಿಕವೆಂದು ನಡೆಸಿದರೆ ನಿಯಮದ ಪ್ರಕಾರ ಕ್ರೆಡಿಟ್ಟಿಗೆ 30 ಗಂಟೆ, ಸಮಯ ಇಮ್ಮಡಿಯಾಗುತ್ತದೆ. ಮೂವತ್ತು ಜನರ ತಂಡ ಮಾಡಿದರೆ ಒಬ್ಬೊಬ್ಬರಿಗೆ ಎರಡು ಗಂಟೆ ಸಿಕ್ಕೀತು. ಈಜು ಕಲಿಸುವವರು ದಡದಲ್ಲಿ ಕೂರಿಸಿ ನೀರಿನ ಲಕ್ಷಣ ಹೇಳುವುದಿಲ್ಲ, ಅಲ್ಲವೆ? ಆದರೆ ಮೂವತ್ತರ ತಂಡವೆಂದರೆ ಉಪನ್ಯಾಸಕರ ಸಂಖ್ಯೆ ನಾಲ್ಕು ಪಟ್ಟಾಗಬೇಕು. ಆಡಳಿತ ಮಂಡಳಿಯವರು ಹಿಂಜರಿಯುವುದು ಅಲ್ಲಿ.

ಎರಡನೆಯದು ಸಣ್ಣ ಕಾಲೇಜು, ಬೆಳಗಿನ ತರಗತಿ. ಅಲ್ಲಿನ ವಾಣಿಜ್ಯ ಉಪನ್ಯಾಸಕಿಯೊಬ್ಬರು ಹೊರಗಿನವರನ್ನು ಕರೆಯದೆ ತಾವೇ ಇದನ್ನು ಕಲಿಸುತ್ತಾರೆ. ಕೋಣೆಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿದ್ದರು. ಇಬ್ಬಿಬ್ಬರು ಎದುರುಬದುರು ಕುಳಿತು, ಒಬ್ಬರು ಮೂರು ಮಿನಿಟು ತಮಗಾದ ಒಂದು ತೊಂದರೆಯನ್ನು ಹೇಳಬೇಕು. ಇನ್ನೊಬ್ಬರು ಉಪದೇಶ ಮಾಡದೆ, ಕೇಳಿದುದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಹೇಳಿದವರು “ಹೌದು, ನಾನು ಹೇಳಿದ್ದು ಇದೇ” ಎಂದು ಒಪ್ಪುವ ತನಕ ಬಿಡುವಂತಿಲ್ಲ. ಕೇಳುವುದಕ್ಕೆ ಸುಲಭ. ನಾವು ಎಣಿಸಿದಂತೆ, ಮೊದಲ ಸಲಕ್ಕೆ ಒಪ್ಪಿಗೆ ಪಡೆದವರು ಹದಿನಾಲ್ಕು ಜೋಡಿಗಳಲ್ಲಿ ಮೂರು. ಹೆಚ್ಚಿನವರು ಮೂರನೆಯ ವಾಕ್ಯಕ್ಕೇ “ನೀನು ಹೀಗೆ ಮಾಡಬೇಕಿತ್ತು” ಎಂದು ಆರಂಭಿಸಿಬಿಟ್ಟಿದ್ದರು. ಆಮೇಲೆ ಬೆನ್ನಿಗೆ ಬೆನ್ನು ತಾಗಿಸಿ ಕುಳಿತು ಅದನ್ನೇ ಮಾಡಿಸಿದರು. ದೂರವಾಣಿಯ ಕೆಲಸದಲ್ಲಿ ಎದುರಿನವರ ಮುಖ ಕಾಣುವುದಿಲ್ಲವಷ್ಟೆ.

ಅನಂತರ ಆರು ಆರು ಜನರ ಗುಂಪು ಮಾಡಿ, ವಿಭಾಗದ ಸಮಾರಂಭಕ್ಕೆ ಹತ್ತು ಸಾವಿರ ರೂಪಾಯಿಯನ್ನು ಹೇಗೆ ಖರ್ಚು ಮಾಡುವುದೆಂದು ಹನ್ನೆರಡು ಮಿನಿಟಿನಲ್ಲಿ ತೀರ್ಮಾನಿಸುವಂತೆ ಹೇಳಿದರು. ಪ್ರತಿ ಗುಂಪಿನ ಹಿಂದೆ ಒಬ್ಬ ವಿದ್ಯಾರ್ಥಿ ಕಾಗದ ಹಿಡಿದು ನಿಂತಿದ್ದ: ಯಾರು ಎಷ್ಟು ಸಲ ಮಾತನಾಡಿದರು, ಯಾರ ಮಾತನ್ನು ಯಾರು ಎಷ್ಟು ಸಲ ಕತ್ತರಿಸಿದರು, ಯಾರ ಸೂಚನೆ ಕೊನೆಗೆ ನಿಂತಿತು ಎಂದು ಗೆರೆ ಎಳೆಯುವುದು ಅವನ ಕೆಲಸ. ಮುಗಿದ ಮೇಲೆ ಆ ಗೆರೆಗಳನ್ನು ಓದಿ ಹೇಳಿದರು. ಒಂದು ಗುಂಪಿನಲ್ಲಿ ಒಬ್ಬ ಹುಡುಗ ಇಪ್ಪತ್ತಮೂರು ಸಲ ಮಾತನಾಡಿದ್ದ. ಒಬ್ಬ ಹುಡುಗಿ ಒಮ್ಮೆಯೂ ಇಲ್ಲ. ಆದರೆ ಗುಂಪು ಒಪ್ಪಿಸಿದ ಲೆಕ್ಕದ ಹಾಳೆ ಪೂರ್ಣವಾಗಿ ಅವಳ ಕೈಬರಹದಲ್ಲಿತ್ತು, ಮೊತ್ತವೂ ಸರಿಯಾಗಿತ್ತು. ಇಪ್ಪತ್ತಮೂರರ ಹುಡುಗನ ಮುಖ ಕೊಂಚ ಕೆಂಪಗಾಯಿತು. ಯಾರೂ ಅವನನ್ನು ಬಯ್ಯಲಿಲ್ಲ, ಗೆರೆಗಳೇ ಸಾಕಾದುವು.

ಆ ಹುಡುಗಿ ನಮ್ಮವಳೇ. ತಂದೆ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡಿಗೆಯವರು. ತರಗತಿ ಮುಗಿದ ಮೇಲೆ ಕನ್ನಡದಲ್ಲಿ ಮಾತನಾಡಿಸಿದಾಗ ಅವಳ ಬಾಯಿಗೆ ಬೀಗವೇನೂ ಇರಲಿಲ್ಲ. “ನನಗೆ ಉತ್ತರ ಗೊತ್ತಿರುತ್ತದೆ ಸರ್. ಮೊದಲು ತುಳುವಿನಲ್ಲಿ ಯೋಚನೆ ಬರುತ್ತದೆ, ಅದನ್ನು ಇಂಗ್ಲಿಷಿಗೆ ತಂದು, ತಪ್ಪಿಲ್ಲವೆಂದು ನೋಡಿಕೊಳ್ಳುವಷ್ಟರಲ್ಲಿ ಅವರು ಮುಂದಿನ ವಿಷಯಕ್ಕೆ ಹೋಗಿರುತ್ತಾರೆ” ಎಂದಳು. ಒಂದು ಖಾಸಗಿ ಕಂಪನಿಯ ಸಂದರ್ಶನದಲ್ಲಿ ಹೀಗೆಯೇ ಆಗಿ, ಅವಳಿಗಿಂತ ಕಡಮೆ ಅಂಕದ ಗೆಳತಿಗೆ ಕೆಲಸ ದೊರೆಯಿತಂತೆ. “ಅವರು ನನಗೆ ಕಾನ್ಫಿಡೆನ್ಸ್ ಇಲ್ಲವೆಂದು ಬರೆದರು ಸರ್” ಎಂದು ಹೇಳುವಾಗ ಅವಳ ದನಿಯಲ್ಲಿ ದೂರಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು.

ಈ ಹುಡುಗಿ ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ಚಾಳಿನಲ್ಲಿ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ದಿನಕ್ಕೆ ಐದು ಸಲ ನಾಲಗೆಯನ್ನು ಬದಲಿಸುತ್ತಾಳೆ. ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದು ಡಾಕ್ಟರರ ಮಾತನ್ನು ತಾಯಿಗೂ ತಾಯಿಯ ನೋವನ್ನು ಡಾಕ್ಟರರಿಗೂ ತಿಳಿಯಪಡಿಸುತ್ತಾಳೆ. ಸಂವಹನವೆಂದರೆ ಇದಲ್ಲದೆ ಮತ್ತೇನು? ನಮ್ಮ ಕಾಲೇಜುಗಳು ನಡೆನುಡಿಯ ಪಾಠವನ್ನೂ ಇಂಗ್ಲಿಷ್ ಮಾತಿನ ಪಾಠವನ್ನೂ ಒಂದೇ ಪಾತ್ರೆಯಲ್ಲಿ ಕಲಸಿಬಿಟ್ಟಿವೆ. ಇಂಗ್ಲಿಷ್ ಬೇಡವೆಂದು ನಾವು ಹೇಳುವುದಿಲ್ಲ. ಈ ನಗರದಲ್ಲಿ ಅದಿಲ್ಲದೆ ಬಾಗಿಲು ತೆರೆಯುವುದು ಕಷ್ಟ, ಅದನ್ನು ಮುಚ್ಚಿಟ್ಟು ಮಕ್ಕಳಿಗೆ ಸುಳ್ಳು ಧೈರ್ಯ ಹೇಳಬಾರದು. ಆದರೆ ಎರಡನ್ನೂ ಒಟ್ಟಿಗೆ ಹೊರಿಸಿದಾಗ ವಿದ್ಯಾರ್ಥಿಗೆ ತನ್ನಲ್ಲಿ ಯಾವುದು ಕಡಮೆಯೆಂಬುದೇ ತಿಳಿಯದೆ ಹೋಗುತ್ತದೆ. ಭಾಷೆ ತಡವರಿಸಿದುದನ್ನು ಧೈರ್ಯ ಕಡಮೆ ಎಂದು ಬರೆಯುತ್ತಾರೆ, ಅವಳೂ ಅದನ್ನೇ ನಂಬುತ್ತಾಳೆ. ಆ ಉಪನ್ಯಾಸಕಿಯವರು ಈಗ ಮಾಡುವ ಉಪಾಯವೆಂದರೆ, ಗುಂಪಿನ ಮಾತುಕತೆಯ ಮೊದಲ ಸುತ್ತನ್ನು ಯಾವ ಭಾಷೆಯಲ್ಲಿಯಾದರೂ ನಡೆಸಲು ಬಿಟ್ಟು, ತೀರ್ಮಾನವಾದ ಮೇಲೆ ಎರಡನೆಯ ಸುತ್ತನ್ನು ಇಂಗ್ಲಿಷಿನಲ್ಲಿ ಮಾಡಿಸುವುದು. ಮೊದಲ ಸುತ್ತಿನಲ್ಲಿ ಆ ಹುಡುಗಿ ಆರು ಸಲ ಮಾತನಾಡಿದಳೆಂದು ಅನಂತರ ತಿಳಿಯಿತು. ಎರಡನೆಯದರಲ್ಲಿ ಎರಡು ಸಲ. ಸೊನ್ನೆಗಿಂತ ಅದು ಎಷ್ಟೋ ಹೆಚ್ಚು.

ಹೋಟೆಲಿನಲ್ಲಿ ನಡೆನುಡಿ ತಾನಾಗಿಯೇ ಬರುತ್ತಿತ್ತು, ಈಗಿನ ಮಕ್ಕಳಿಗೆ ತರಗತಿ ಬೇಕಾಗಿದೆ ಎಂದು ನಮ್ಮ ಹಳೆಯ ಮಿತ್ರರು ಮೂಗು ಮುರಿಯುವುದುಂಟು. ಈ ಮಾತನ್ನು ಪೂರ್ಣವಾಗಿ ಒಪ್ಪಲಾಗದು. ಹನ್ನೆರಡು ವರ್ಷಕ್ಕೆ ಊರು ಬಿಟ್ಟು ಬಂದು ಟೇಬಲು ಒರೆಸುತ್ತ, ರಾತ್ರಿಶಾಲೆಯಲ್ಲಿ ಓದಿ ಮುಂದೆ ಬಂದವರ ಕತೆಗಳನ್ನು ನಾವೆಲ್ಲ ಕೇಳಿದ್ದೇವೆ. ಅದೇ ಟೇಬಲು ಒರೆಸುತ್ತ ಬಾಯಿ ಸತ್ತವರಾಗಿ ಊರಿಗೆ ಮರಳಿದವರ ಕತೆಯನ್ನು ಯಾರೂ ಬರೆಯಲಿಲ್ಲ. ಮತ್ತೊಂದು ಸಂಗತಿ. ಗಿರಾಕಿಯೊಡನೆ ಜೇನಿನಂತೆ ಮಾತನಾಡಿ, ಒಳಗೆ ಹೋಗಿ ಕ್ಲೀನರ್ ಹುಡುಗನ ಮೇಲೆ ಬೆಂಕಿ ಕಾರುವ ಸಪ್ಲಾಯರುಗಳನ್ನು ಬೇಕಾದಷ್ಟು ಕಂಡಿದ್ದೇವೆ. ಮೇಲಿನವರಿಗೆ ಮಾತ್ರ ಸಲ್ಲುವ ವಿನಯವನ್ನು ಕೌಶಲವೆಂದು ಕರೆಯಬಹುದೇ ಹೊರತು ನಡೆನುಡಿಯೆಂದು ಕರೆಯಲಾಗದು.

ಆದರೂ ಹೋಟೆಲಿನಲ್ಲಿ ಕಲಿಸುವ ಕ್ರಮವೊಂದಿತ್ತು. ನಮ್ಮಲ್ಲಿದ್ದ ಹಿರಿಯ ಸಪ್ಲಾಯರೊಬ್ಬರು ಹೊಸ ಮಾಣಿಯನ್ನು ಮೂರು ದಿನ ಕಂಬದ ಬಳಿ ನಿಲ್ಲಿಸಿ ನೋಡಲು ಮಾತ್ರ ಹೇಳುತ್ತಿದ್ದರು. ನಾಲ್ಕನೆಯ ದಿನ ನೀರಿನ ಲೋಟ. ವಾರ ಕಳೆದ ಮೇಲೆ ಎರಡು ಟೇಬಲು, ಅದೂ ಗಿರಾಕಿ ಕಡಮೆಯಿರುವ ಮಧ್ಯಾಹ್ನದ ಹೊತ್ತು. ವಡೆ ತಣ್ಣಗಿದೆ ಎಂದು ಗಿರಾಕಿ ದೂರಿದಾಗ “ಈಗಷ್ಟೇ ಬಾಣಲೆಯಿಂದ ತೆಗೆದದ್ದು” ಎಂದು ವಾದಿಸುವುದು ಹೊಸಬನ ಸ್ವಭಾವ. ಮೊದಲು ತಟ್ಟೆಯನ್ನು ತೆಗೆ, ಆಮೇಲೆ ಬಾಯಿ ತೆರೆ ಎಂದು ಅವರು ಹೇಳಿಕೊಡುತ್ತಿದ್ದರು. ರಾತ್ರಿ ಬಾಗಿಲು ಹಾಕಿದ ಮೇಲೆ, ಇಂದು ಯಾವ ಟೇಬಲಿನಲ್ಲಿ ಏನಾಯಿತು, ನೀನು ಏನೆಂದೆ, ಏನೆನ್ನಬಹುದಿತ್ತು ಎಂದು ಅಂದಂದಿನ ತಪ್ಪನ್ನು ಅಂದಂದೇ ಕೂರಿಸಿ ಹೇಳುತ್ತಿದ್ದರು. ನೋಡುವುದು, ಸ್ವಲ್ಪ ಮಾಡುವುದು, ಕೂಡಲೇ ತಿದ್ದಿಸಿಕೊಳ್ಳುವುದು, ಮತ್ತೆ ಮಾಡುವುದು. ಆ ಉಪನ್ಯಾಸಕಿಯ ಗೆರೆ ಕಾಗದವೂ ಆ ರಾತ್ರಿಯ ಮಾತೂ ಒಂದೇ ಜಾತಿಯವು. ಕಾಲೇಜಿನಲ್ಲಿ ಜೂನಿನ ತಪ್ಪು ನವಂಬರಿನ ಅಂಕಪಟ್ಟಿಯಲ್ಲಿ ತಿಳಿಯುತ್ತದೆ. ಅಷ್ಟು ಹೊತ್ತಿಗೆ ತಪ್ಪು ಮಾಡಿದವನಿಗೇ ಅದು ಮರೆತಿರುತ್ತದೆ.

ನಡೆನುಡಿಯನ್ನು ದೊಡ್ಡವರಾದ ಮೇಲೆ ಕಲಿಸಬಹುದೆ, ಅದು ಹುಟ್ಟುಗುಣವಲ್ಲವೆ ಎಂದು ಸಂದೇಹಪಡುವವರಿಗೆ ಕರ್ನಾಟಕದಿಂದಲೇ ಒಂದು ಉದಾಹರಣೆಯಿದೆ. ಬೆಂಗಳೂರಿನ ಐದು ಉಡುಪು ಕಾರ್ಖಾನೆಗಳಲ್ಲಿ ಹೊಲಿಗೆಯ ಕೆಲಸ ಮಾಡುವ ಹೆಂಗಸರಿಗೆ ಸಂವಹನ, ಸಮಯಪಾಲನೆ, ಸಮಸ್ಯೆ ಬಿಡಿಸುವುದು ಮೊದಲಾದುವುಗಳಲ್ಲಿ ಸುಮಾರು 80 ಗಂಟೆಗಳ ತರಬೇತಿ ಕೊಡಲಾಯಿತು. ಬಯಸಿದವರು ಹೆಚ್ಚಾದುದರಿಂದ ಚೀಟಿ ಎತ್ತಿ ಆರಿಸಿದರು; ಹೀಗಾಗಿ ತರಬೇತಿ ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿ ನೋಡಲು ಸಾಧ್ಯವಾಯಿತು. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಾಷಧಂ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಅಭ್ಯಾಸ ಮಾಡಿ 2023ರಲ್ಲಿ ಪ್ರಕಟಿಸಿದರು. ತರಬೇತಿ ಪಡೆದವರ ಕೆಲಸದ ಪ್ರಮಾಣ ಸ್ಪಷ್ಟವಾಗಿ ಹೆಚ್ಚಿತು; ಕಾರ್ಖಾನೆಗೆ ಹಾಕಿದ ಹಣ ಒಂದು ವರ್ಷದೊಳಗೇ ಹಲವು ಪಟ್ಟಾಗಿ ಮರಳಿತು. ಕಲಿಸಬಹುದೆಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಡ. ಆದರೆ ಆ ವರದಿಯ ಇನ್ನೊಂದು ಸಾಲನ್ನು ತರಬೇತಿಯ ಜಾಹೀರಾತಿನವರು ಹೇಳುವುದಿಲ್ಲ: ಹೆಂಗಸರ ಕೂಲಿ ಏರಿದುದು ಬಹಳ ಅಲ್ಪ. ಲಾಭದ ಬಹುಪಾಲು ಯಜಮಾನರ ಗಲ್ಲಾಕ್ಕೆ ಹೋಯಿತು.

ಗಲ್ಲಾದ ಹಿಂದೆ ಕುಳಿತಿದ್ದವರಾದ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಆದುದರಿಂದಲೇ ಪದವಿ ತರಗತಿಯಲ್ಲಿ ಕಲಿಸುವ ನಡೆನುಡಿಯಲ್ಲಿ ವಿನಯ, ಸಮಯಪಾಲನೆಗಳ ಜೊತೆಗೆ ಬೇರೆ ಕೆಲವು ಸಂಗತಿಗಳೂ ಸೇರಬೇಕೆಂದು ನಮ್ಮ ಅಭಿಪ್ರಾಯ. ಸಂಬಳ ಎಷ್ಟೆಂದು ಸಂಕೋಚವಿಲ್ಲದೆ ಕೇಳುವುದು. ತಿಳಿಯದಿದ್ದಾಗ ತಿಳಿಯಲಿಲ್ಲವೆನ್ನುವುದು. ರಾತ್ರಿ ಹತ್ತಕ್ಕೆ ಬಂದ ಕೆಲಸವನ್ನು ನಾಳೆ ಮಾಡುತ್ತೇನೆಂದು ಮುಖ ಕೆಡಿಸಿಕೊಳ್ಳದೆ ಹೇಳುವುದು. ಮೇಲಧಿಕಾರಿಯ ನಡತೆ ಸರಿಯಿಲ್ಲದಾಗ ಯಾರಿಗೆ ಹೇಗೆ ಬರೆದು ತಿಳಿಸಬೇಕೆಂಬುದು. ನಮ್ಮ ಮನೆಗಳಲ್ಲಿ ಮಕ್ಕಳಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ‘ಆಯಿತು’ ಎನ್ನುವುದನ್ನು ಚಿಕ್ಕಂದಿನಿಂದ ಕಲಿಸಿರುತ್ತೇವೆ. ‘ಆಗದು’ ಎನ್ನುವುದನ್ನು ಕಲಿಸಿದ ಕಾಲೇಜು ನಮ್ಮ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಸಂದರ್ಶನದ ಮೇಜಿನಾಚೆ ಕುಳಿತವರಿಗೆ ಒಪ್ಪಿಗೆಯಾಗುವಂತೆ ವಿದ್ಯಾರ್ಥಿಯನ್ನು ತಿದ್ದುವುದಷ್ಟೇ ಈ ವಿದ್ಯೆಯಾದರೆ, ಅದರ ಫೀಸನ್ನು ಕಂಪನಿಯವರೇ ಕೊಡುವುದು ನ್ಯಾಯ.

ಈ ವಿದ್ಯೆಗೆ ಹೆಸರಿಲ್ಲದ ಕಾಲದಲ್ಲಿಯೂ ಒಳ್ಳೆಯ ಕಾಲೇಜುಗಳು ಅದನ್ನು ಕಲಿಸುತ್ತಿದ್ದವು, ಪಾಠದಿಂದಲ್ಲ, ಹೊಣೆಯಿಂದ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘ 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆಯನ್ನು ಹೊರಡಿಸಿತು. ಹಿಂದೆ ನಿಂತವರು ಎ.ಆರ್. ಕೃಷ್ಣಶಾಸ್ತ್ರಿಗಳು. ಪತ್ರಿಕೆಯನ್ನು ನಡೆಸುವುದೆಂದರೆ ಲೇಖಕರನ್ನು ಕಾಡದಂತೆ ಕಾಡಬೇಕು, ಅಚ್ಚುಕೂಟದವರನ್ನು ಒಲಿಸಿಕೊಳ್ಳಬೇಕು, ಚಂದಾ ಬಾಕಿಯವರಿಗೆ ನೋವಾಗದಂತೆ ಪತ್ರ ಬರೆಯಬೇಕು. ಇದನ್ನು ನಾವು ಅನುಭವದಿಂದ ಹೇಳಬಲ್ಲೆವು. ಹೋಟೆಲಿಗಿಂತ ಇದು ಕಷ್ಟ. ಮುಂಬಯಿಯಲ್ಲಿ ಡಾ. ಅಂಬೇಡ್ಕರರು ಕಟ್ಟಿದ ಪೀಪಲ್ಸ್ ಎಜುಕೇಶನ್ ಸೊಸೈಟಿಯ ಸಿದ್ಧಾರ್ಥ ಕಾಲೇಜು 1946ರಲ್ಲಿ ಆರಂಭವಾದಾಗ, ಹಗಲು ದುಡಿಯುವವರಿಗೆ ಅನುಕೂಲವಾಗಲೆಂದು ಬೆಳಗಿನ ತರಗತಿಗಳನ್ನು ಇಟ್ಟಿದ್ದರು. ಅಲ್ಲಿ ವಿದ್ಯಾರ್ಥಿಗಳದೇ ಒಂದು ಸಂಸತ್ತಿತ್ತು. 1950ರಲ್ಲಿ ಸ್ವತಃ ಅಂಬೇಡ್ಕರರು ಅದರಲ್ಲಿ ಹಿಂದೂ ಸಂಹಿತೆಯ ವಿಷಯವಾಗಿ ಮಾತನಾಡಿದರು. ಬೆಳಿಗ್ಗೆ ಕಾಲೇಜು, ಹಗಲು ಆಫೀಸು, ನಡುವೆ ಸಂಸತ್ತಿನಲ್ಲಿ ಎದುರು ಪಕ್ಷದ ಮಾತಿಗೆ ಉತ್ತರ. ರಾಷ್ಟ್ರೀಯ ಸೇವಾ ಯೋಜನೆ ಗಾಂಧೀಜಿಯವರ ಶತಾಬ್ದಿಯ ವರ್ಷ, 1969ರಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ಅದರ ಸ್ವಯಂಸೇವಕರಿಗೆ ವರ್ಷಕ್ಕೆ 120 ಗಂಟೆಗಳ ಸೇವೆ ಗೊತ್ತುಮಾಡಿದೆ. ಹಳ್ಳಿಯ ಶಿಬಿರದಲ್ಲಿ ಐವತ್ತು ಜನರಿಗೆ ಅಡಿಗೆ ಮಾಡಿಸಿ, ನೀರಿಗಾಗಿ ಗ್ರಾಮಸ್ಥರನ್ನು ಕೇಳಿಕೊಂಡು, ಜಗಳವಾಡಿದ ಇಬ್ಬರು ಗೆಳೆಯರನ್ನು ಒಂದೇ ಗುಡಾರದಲ್ಲಿ ಮಲಗಿಸಿದ ವಿದ್ಯಾರ್ಥಿನಾಯಕನಿಗೆ ನಾಯಕನ ಏಳು ಗುಣಗಳ ಚಿತ್ರವನ್ನು ತೋರಿಸುವ ಅಗತ್ಯವಿರಲಾರದು. ಆ 120 ಗಂಟೆಗಳು ಈಗ ಹಲವೆಡೆ ರಿಜಿಸ್ಟರಿನಲ್ಲಿ ಮಾತ್ರ ತುಂಬುತ್ತವೆ ಎಂಬುದು ಬೇರೆ ವಿಷಯ.

ಆದುದರಿಂದ ಫೀಸಿನ ಪ್ರಶ್ನೆ ಕೇಳುವ ವಾಚಕರಿಗೆ ನಮ್ಮ ಉತ್ತರ ಹೀಗಿದೆ. ಹಣ ಕಟ್ಟುವ ಮೊದಲು ಕಾಲೇಜಿಗೆ ಹೋಗಿ, ಒಂದು ತಂಡದಲ್ಲಿ ಎಷ್ಟು ವಿದ್ಯಾರ್ಥಿಗಳೆಂದು ಕೇಳಿರಿ. ನೂರೆಂದರೆ ಅಲ್ಲಿಗೆ ಮುಗಿಯಿತು. ಪರೀಕ್ಷೆ ಬರೆದು ಕೊಡುವುದೋ ಮಾಡಿ ತೋರಿಸುವುದೋ ಎಂದು ಕೇಳಿರಿ. ಕಲಿಸುವವರು ಕಾಲೇಜಿನವರೇ ಆಗಿದ್ದು ವರ್ಷವಿಡೀ ಸಿಗುವರೋ, ಎರಡು ದಿನ ಬಂದು ಪ್ರಮಾಣಪತ್ರ ಹಂಚಿ ಹೋಗುವರೋ ಎಂದು ಕೇಳಿರಿ. ಎರಡು ದಿನದ ಶಿಬಿರದ ಪ್ರಮಾಣಪತ್ರವನ್ನು ಯಾವ ಸಂದರ್ಶಕರೂ ಮಗುಚಿ ನೋಡುವುದಿಲ್ಲ; ಇದನ್ನು ಬ್ಯಾಂಕಿನಲ್ಲಿ ನೇಮಕಾತಿಯ ಮೇಜಿನಲ್ಲಿ ಕುಳಿತಿದ್ದ ನಮ್ಮ ಮಿತ್ರರೊಬ್ಬರು ಹೇಳಿದ್ದಾರೆ. ಮೇಲೆ ಹೇಳಿದ ಕ್ರೆಡಿಟ್ಟುಗಳು ಪದವಿಯೊಳಗಿನವೇ ಆದುದರಿಂದ, ಆ ತರಗತಿಗೆ ಬೇರೆ ಫೀಸು ಏಕೆಂದು ಕೇಳುವುದರಲ್ಲಿಯೂ ತಪ್ಪಿಲ್ಲ.

ನಮ್ಮ ಸಂಘ ಸಂಸ್ಥೆಗಳ ಮಾತೂ ಇಲ್ಲಿ ಬರಬೇಕು. ವರ್ಷಕ್ಕೊಮ್ಮೆ ಪ್ರತಿಭಾ ಪುರಸ್ಕಾರವೆಂದು ಮಕ್ಕಳನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಅವರು ಒಂದು ಮಾತನ್ನೂ ಆಡುವ ಮೊದಲು ಕೆಳಗಿಳಿಸುತ್ತೇವೆ. ಮಾತನಾಡುವವರು ಐವರು ಗಣ್ಯರು. ಅದೇ ವಾರ್ಷಿಕೋತ್ಸವದ ಲೆಕ್ಕಪತ್ರ, ಸಭಾಗೃಹದ ಬುಕ್ಕಿಂಗು, ಊಟದ ವ್ಯವಸ್ಥೆ, ಕಾರ್ಯಕ್ರಮದ ನಿರೂಪಣೆಗಳನ್ನು ಪದವಿ ತರಗತಿಯ ನಾಲ್ಕಾರು ಮಕ್ಕಳಿಗೆ ಒಪ್ಪಿಸಿ, ಹಿರಿಯರು ಒಂದು ವರ್ಷ ಕುರ್ಚಿಯಲ್ಲಿ ಕುಳಿತು ನೋಡಬಾರದೆ? ಊಟ ಅರ್ಧ ಗಂಟೆ ತಡವಾದೀತು, ಅಷ್ಟೇ. ಆ ಅರ್ಧ ಗಂಟೆಯ ಹಸಿವನ್ನು ಸಮಾಧಾನಪಡಿಸಿದ ಹುಡುಗನಿಗೆ ಸಂದರ್ಶನದಲ್ಲಿ ಹೇಳಲು ತನ್ನದೇ ಆದ ಒಂದು ಸಂಗತಿಯಿರುತ್ತದೆ.

ಮೇಲೆ ಹೇಳಿದ ಉಪನ್ಯಾಸಕಿಯವರು ನಮ್ಮಲ್ಲಿ ಒಂದು ಬೇಡಿಕೆಯನ್ನಿಟ್ಟಿದ್ದಾರೆ. ಮುಂದಿನ ಅವಧಿಯಲ್ಲಿ ಅವರ ವಿದ್ಯಾರ್ಥಿಗಳಿಗೆ ಅಭ್ಯಾಸದ ಸಂದರ್ಶನಗಳನ್ನು ನಡೆಸಲು ಹೊರಗಿನ ಜನ ಬೇಕಂತೆ. ವಿದ್ಯಾರ್ಥಿಗಳು ತಮ್ಮ ಉಪನ್ಯಾಸಕರ ಮುಖಕ್ಕೆ ಒಗ್ಗಿಹೋಗಿರುವುದರಿಂದ, ಅಪರಿಚಿತರ ಮುಂದೆ ಕೂರುವ ಅಭ್ಯಾಸ ಬೇರೆಯೇ ಎಂದು ಅವರ ಅನುಭವ. ಪಾಂಡಿತ್ಯ ಬೇಕಾಗಿಲ್ಲ. ಜೀವನದಲ್ಲಿ ಹತ್ತು ಜನರನ್ನಾದರೂ ಕೆಲಸಕ್ಕೆ ತೆಗೆದುಕೊಂಡವರಾಗಿರಬೇಕು, ಮತ್ತು ಪ್ರಶ್ನೆ ಕೇಳಿ ಉತ್ತರ ಬರುವ ತನಕ ಸುಮ್ಮನಿರಬಲ್ಲವರಾಗಿರಬೇಕು ಎಂದು ಎರಡೇ ಷರತ್ತು. ಇಲ್ಲಿಯವರೆಗೆ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರರೂ ಒಬ್ಬ ಆಸ್ಪತ್ರೆಯ ಮೇಟ್ರನ್ನರೂ ಇಬ್ಬರು ಹೋಟೆಲ್ ಮಾಲಕರೂ ಒಪ್ಪಿದ್ದಾರೆ. ಇನ್ನೂ ಎಂಟು ಜನ ಬೇಕಾಗಿದ್ದಾರೆ. ಹೋಟೆಲಿನವರಿಗೆ ಭಾನುವಾರ ಬೆಳಿಗ್ಗೆ ಬಿಡುವಿರುವುದಿಲ್ಲವೆಂದು ನಾವು ತಿಳಿಸಿದ ಮೇಲೆ, ಸಮಯವನ್ನು ಮಧ್ಯಾಹ್ನ ಮೂರರಿಂದ ಐದರವರೆಗೆ ಎಂದು ಬದಲಿಸಿದ್ದಾರೆ.